ಸ್ವಾಧೀನದ ಗಾಳಿಸುದ್ದಿಯನ್ನು ಪರಿಶೀಲಿಸುವ ಬಗೆ

ಕಾಫಿ ಮಾರಿದ ಹಣ ಕೈಸೇರುವ ಹೊತ್ತಿಗೆ ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಈ ಸಣ್ಣ ಕಂಪನಿಯನ್ನು ದೊಡ್ಡ ಸಮೂಹವೊಂದು ಕೊಳ್ಳಲಿದೆ, ಸೋಮವಾರವೇ ಅಪ್ಪರ್ ಸರ್ಕ್ಯೂಟ್’ (ಷೇರಿನ ಬೆಲೆ ಒಂದು ದಿನದಲ್ಲಿ ಏರಬಹುದಾದ ಗರಿಷ್ಠ ಮಿತಿ) ಎಂಬ ಸಂದೇಶ ಬಂದರೆ, ಕಳಿಸಿದವರು ನೆಂಟರೇ ಆಗಿದ್ದರೂ, ಮೊದಲು ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ ಅಥವಾ ಎನ್‌ಎಸ್‌ಇ ಜಾಲತಾಣದಲ್ಲಿ ಆ ಕಂಪನಿಯ ಪ್ರಕಟಣೆಗಳನ್ನು ತೆರೆದು ನೋಡಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2011ರ ಸ್ವಾಧೀನ ನಿಯಮಾವಳಿಯಂತೆ, ಶೇ 25 ಅಥವಾ ಹೆಚ್ಚಿನ ಮತಾಧಿಕಾರ ಪಡೆಯಲು ಹೊರಟವರು ಸಾಮಾನ್ಯವಾಗಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಉಳಿದ ಷೇರುದಾರರಿಂದ ಕಂಪನಿಯ ಒಟ್ಟು ಷೇರುಗಳಲ್ಲಿ ಕನಿಷ್ಠ ಶೇ 26ರಷ್ಟನ್ನು ಕೊಳ್ಳುವ ಮುಕ್ತ ಕೊಡುಗೆ ನೀಡಬೇಕು. ಗುಟ್ಟಾಗಿ ಮುಗಿಸುವ ವ್ಯವಹಾರ ಅದಲ್ಲ. ಕಂಪನಿಯ ಮೌನವನ್ನೇ ಒಪ್ಪಿಗೆಯೆಂದು ವಾದಿಸುವವರೂ ಸಿಗುತ್ತಾರೆ. ಆದರೆ ವದಂತಿಗೆ ಸ್ಪಷ್ಟನೆ ನೀಡಲೇಬೇಕೆಂಬ ನಿಯಮ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 250 ಕಂಪನಿಗಳಿಗಷ್ಟೇ ಅನ್ವಯಿಸುತ್ತದೆ. ಬಳಿಕ ಷೇರುದಾರಿಕೆಯ ತ್ರೈಮಾಸಿಕ ವಿವರವನ್ನು ಹಿಂದಿನದರೊಂದಿಗೆ ಹೋಲಿಸಿ: ಪ್ರವರ್ತಕರ (ಕಂಪನಿಯ ಮೇಲೆ ಹಿಡಿತವಿರುವ ಮಾಲೀಕರ) ಪಾಲು ಇಳಿದು ಸಣ್ಣ ಹೂಡಿಕೆದಾರರ ಸಂಖ್ಯೆ ಏರಿದ್ದರೆ, ಸುದ್ದಿಯ ಭರದಲ್ಲಿ ಯಾರು ಮಾರುತ್ತಿದ್ದಾರೆಂದು ವಿಚಾರಿಸದೆ ಕೊಳ್ಳಬೇಡಿ.