ನಮ್ಮ ಭಜನಾ ಮಂಡಳಿಗೆ ಹೊಸಬರು ಬಂದದ್ದು ಹೀಗೆ

ನಮ್ಮದು ಉಡುಪಿ ಜಿಲ್ಲೆಯ ಒಂದು ಹಳ್ಳಿ. ಊರಿನ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ ಇರುತ್ತದೆ. ಕೆಲವು ವರ್ಷಗಳ ಹಿಂದೆ ಮಂಡಳಿಯ ಜವಾಬ್ದಾರಿ ನನ್ನ ಕೈಗೆ ಬಂದಾಗ ಹಾಡುತ್ತಿದ್ದವರಲ್ಲಿ ಹೆಚ್ಚಿನವರು ಅರವತ್ತೈದು ದಾಟಿದವರು. ವಾರದ ಭಜನೆ ಹೇಗೋ ನಡೆಯುತ್ತಿತ್ತು. ಕಷ್ಟ ಎದ್ದು ಕಾಣುತ್ತಿದ್ದದ್ದು ಏಕಾಹದಲ್ಲಿ.

ಏಕಾಹ ಅಂದರೆ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಎಡೆಬಿಡದ ಭಜನೆ. 24 ಗಂಟೆ ತಾಳದ ಸದ್ದು ನಿಲ್ಲಬಾರದು, ದೀಪ ಆರಬಾರದು. ಹಗಲಿಗೂ ಸಂಜೆಗೂ ಅಕ್ಕಪಕ್ಕದ ಊರಿನ ಮಂಡಳಿಗಳು ಬಂದು ಒಂದೊಂದು ಗಂಟೆ ಹಾಡಿಹೋಗುತ್ತವೆ. ನಡುರಾತ್ರಿ ಒಂದರಿಂದ ನಾಲ್ಕರವರೆಗಿನ ಪಾಳಿ ಮಾತ್ರ ನಮ್ಮದೇ. ಶುಗರ್, ಬಿಪಿ, ಮಂಡಿನೋವು ಇರುವ ಹಿರಿಯರು ಆ ಹೊತ್ತಿನಲ್ಲಿ ಚಾಪೆ ಮೇಲೆ ಕೂತು ತಾಳ ಹಾಕುವುದನ್ನು ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು.

"ಈಗಿನವರಿಗೆ ಭಕ್ತಿ ಇಲ್ಲ" ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೇವೆ, ಅಲ್ವಾ? ನಾನು ಅದನ್ನು ಒಪ್ಪುವುದಿಲ್ಲ. ನಾನು ಮನೆಮನೆಗೆ ಹೋಗಿ ಕೇಳಿದೆ. ದೇವರು ಬೇಡ ಅಂತ ಯಾರೂ ಹೇಳಲಿಲ್ಲ. "ನಂಗೆ ಹಾಡೇ ಬರೋದಿಲ್ಲ ಅಕ್ಕ", "ತಪ್ಪಿದ್ರೆ ಎಲ್ರೂ ತಿರುಗಿ ನೋಡ್ತಾರೆ", "ಆ ಹೊತ್ತಿಗೆ ರಾತ್ರಿ ಅಡುಗೆ ಆಗ್ಬೇಕಲ್ಲ" ಅಂದರು. ಬರದೇ ಇರಲು ಕಾರಣ ಅಂಜಿಕೆ ಮತ್ತು ಹೊತ್ತು. ಎರಡನ್ನೂ ಸರಿಮಾಡಬಹುದು.

ಹೊತ್ತಿನ ವಿಚಾರ ಬೇಗ ಮುಗಿಯಿತು. ಏಳೂವರೆಗೆ ಶುರುವಾಗಿ ಯಾವಾಗ ಮುಗಿಯುತ್ತದೋ ಗೊತ್ತಿಲ್ಲದ ಭಜನೆಯನ್ನು ಆರೂವರೆಗೆ ತಂದೆವು. ಏಳೂಮುಕ್ಕಾಲಿಗೆ ಮಂಗಳ ಹಾಡಿಯೇ ತೀರುವುದು ಅಂತ ನಿಶ್ಚಯಿಸಿದೆವು. ಅಧ್ಯಕ್ಷರಾಗಿದ್ದ ಹಿರಿಯರಿಗೆ ಇದು ಇಷ್ಟವಾಗಲಿಲ್ಲ. "ಭಜನೆಗೆ ಗಡಿಯಾರ ನೋಡೋದುಂಟಾ?" ಅಂದರು. "ದೊಡ್ಡಪ್ಪ, ಸೊಸೆಯಂದಿರು ಮನೆಗೆ ಹೋಗಿ ಬಡಿಸ್ಬೇಕು. ಒಂದು ತಿಂಗಳು ಮಾಡಿ ನೋಡುವ" ಅಂದೆ. ತಿಂಗಳು ಕಳೆಯುವಷ್ಟರಲ್ಲಿ ಅವರ ಸೊಸೆಯೇ ಮಗಳನ್ನು ಕರೆದುಕೊಂಡು ಬರತೊಡಗಿದಳು. ಮತ್ತೆ ಅವರು ಆ ಮಾತು ಎತ್ತಲಿಲ್ಲ.

ಅಂಜಿಕೆ ಬಿಡಿಸುವುದಕ್ಕೆ ಜಾಸ್ತಿ ದಿನ ಬೇಕಾಯಿತು. ಭಜನೆಯಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಇಲ್ಲ. ಆದರೆ ಹಳಬರು ಉದ್ದುದ್ದ ದಾಸರ ಪದಗಳನ್ನೇ ಹಾಡುತ್ತಿದ್ದರು. ಚರಣಗಳೆಲ್ಲ ಅವರಿಗೆ ಬಾಯಿಪಾಠ. ಹೊಸಬರು ಸುಮ್ನೆ ಕೂತು ಗೋಡೆ ನೋಡಬೇಕು. ಹಾಗಾಗಿ ಮೊದಲ ಅರ್ಧ ಗಂಟೆ ಬರೀ ನಾಮಾವಳಿ ಅಂತ ಮಾಡಿದೆವು. ನಾಲ್ಕೇ ಶಬ್ದ, ಒಂದೇ ಸಾಲು. ಎರಡನೇ ಸುತ್ತಿಗೆ ಯಾರ ಬಾಯಿಗೂ ಬರುತ್ತದೆ. ಪದಗಳನ್ನು ಆಮೇಲೆ, ವಾರಕ್ಕೆ ಒಂದರಂತೆ, ಸಾಲು ಸಾಲಾಗಿ ಹೇಳಿಕೊಟ್ಟೆವು. ಸಾಹಿತ್ಯವನ್ನು ದಪ್ಪ ಅಕ್ಷರದಲ್ಲಿ ಟೈಪ್ ಮಾಡಿಸಿ ಹಂಚಿದೆವು. ಅದು ಹೊಸಬರಿಗಿಂತ ಕನ್ನಡಕದ ಹಿರಿಯರಿಗೇ ಹೆಚ್ಚು ಉಪಯೋಗಕ್ಕೆ ಬಂತು. ಇಂಗ್ಲಿಷ್ ಮೀಡಿಯಂ ಮಕ್ಕಳಿಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಿ ಅಂತ ಕೆಲವು ತಾಯಂದಿರು ಕೇಳಿದರು. ನಾನು ಕೊಡಲಿಲ್ಲ. ಅದರಲ್ಲಿ ಳ, ಣ, ಠ ಎಲ್ಲ ಕೆಟ್ಟುಹೋಗುತ್ತವೆ. ಕಿವಿಯಲ್ಲಿ ಕೇಳಿ ಕಲಿತ ಮಕ್ಕಳ ಉಚ್ಚಾರ ಚೆನ್ನಾಗಿರುತ್ತದೆ.

ಮಕ್ಕಳಿಗೆ ಅಂಕಿತ, ಅಂದರೆ ಪದ ಬರೆದವರ ಗುರುತಿನ ಹೆಸರು, ಹುಡುಕುವ ಆಟ ಬಹಳ ಇಷ್ಟ. ಕೊನೆಯ ಚರಣದಲ್ಲಿ 'ಪುರಂದರ ವಿಠಲ' ಬಂತೋ, 'ಕಾಗಿನೆಲೆಯಾದಿಕೇಶವ' ಬಂತೋ ಅಂತ ಕಾಯುತ್ತಾ ಕೂರುತ್ತಾರೆ. ಹಾಗೆ ಕಾಯುವಾಗ ಇಡೀ ಪದ ಕಿವಿಗೆ ಬಿದ್ದಿರುತ್ತದೆ. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ, ಪುಷ್ಯ ಮಾಸದ ಅಮಾವಾಸ್ಯೆಯಂದು. ಆ ಆರಾಧನೆಯ ದಿನ ಹೇಳಿಕೊಡುವ ಜಾಗದಲ್ಲಿ ಮಕ್ಕಳನ್ನೇ ಕೂರಿಸುತ್ತೇವೆ. ಅವತ್ತು ದೊಡ್ಡವರೆಲ್ಲ ಹಿಂದೆ ಹೇಳುವವರು. ಮಗು ಹಾಡುತ್ತದೆ ಅಂದರೆ ಅಪ್ಪ, ಅಮ್ಮ, ಅಜ್ಜಿ ಎಲ್ಲ ಬರುತ್ತಾರೆ. ಬಂದವರ ಕೈಗೆ ಒಂದು ಜೋಡಿ ತಾಳ ಕೊಡುವುದು ನನ್ನ ಕೆಲಸ.

ಶ್ರುತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಹೊಸಬರು ಉಳಿಯದೇ ಇರಲು ಅದೂ ದೊಡ್ಡ ಕಾರಣ. ನಮ್ಮ ಹಿರಿಯ ಗಂಡಸರು ಹಾಡುವುದು ಬಿಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಒಂದನೇ ಬಿಳಿ ಮನೆಯ ಶ್ರುತಿಯಲ್ಲಿ. ಹೆಂಗಸರಿಗೂ ಮಕ್ಕಳಿಗೂ ಅದು ತೀರ ಕೆಳಗೆ. ಗಂಟಲು ಒತ್ತಿ ಹಾಡಿ ಸುಸ್ತಾಗುತ್ತಾರೆ, "ನನ್ನ ಸ್ವರವೇ ಸರಿ ಇಲ್ಲ" ಅಂದುಕೊಂಡು ಮನೆಗೆ ಹೋಗುತ್ತಾರೆ. ಈಗ ನಾಮಾವಳಿ ಬಿಳಿ ನಾಲ್ಕರಲ್ಲಿ ನಡೆಯುತ್ತದೆ. ಕೊನೆಯಲ್ಲಿ ಹಾರ್ಮೋನಿಯಂ ಕೆಳಗಿಳಿದು ಹಿರಿಯರ ಪದಗಳು ಬರುತ್ತವೆ. ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗರ ವಿಷಯವೇ ಬೇರೆ. ಸ್ವರ ಒಡೆಯುವ ವಯಸ್ಸು. ಹಾಡಲು ಹೋಗಿ ಸ್ವರ ಕೀರಲಾದಾಗ ಯಾರಾದರೂ ನಕ್ಕರೆ ಮುಗಿಯಿತು, ಆ ಹುಡುಗ ಮತ್ತೆ ಮಂದಿರದ ಮೆಟ್ಟಿಲು ಹತ್ತುವುದಿಲ್ಲ. ಅಂಥವರಿಗೆ ನಾವು ಢೋಲಕ್ ಕೊಟ್ಟೆವು, ತಬಲ ಕಲಿಯಲು ಕಳಿಸಿದೆವು. ಸ್ವರ ಕೂರುವವರೆಗೆ ಕೈಗೆ ಕೆಲಸ ಇರುತ್ತದೆ. ಈಗ ನಮ್ಮಲ್ಲಿ ಗಟ್ಟಿಯಾಗಿ ಹಾಡುವ ಯುವಕರು ಹೀಗೆ ಢೋಲಕ್ ಹಿಡಿದು ಉಳಿದವರೇ.

ನಮ್ಮ ಕರಾವಳಿಯಲ್ಲಿ ಈಗ ಕುಣಿತ ಭಜನೆ ಜೋರಾಗಿದೆ. ದೀಪವನ್ನು ನಡುವೆ ಇಟ್ಟು, ಸುತ್ತ ನಿಂತು, ಕೈಯಲ್ಲಿ ತಾಳ ಹಿಡಿದು ಹೆಜ್ಜೆ ಹಾಕುತ್ತಾ ಹಾಡುವುದು. ಧರ್ಮಸ್ಥಳದಲ್ಲಿ ನಡೆಯುವ ಭಜನಾ ತರಬೇತಿ ಕಮ್ಮಟಕ್ಕೆ ನಮ್ಮವರನ್ನು ಕಳಿಸಿದೆವು. ಅವರು ಬಂದು ಇಲ್ಲಿ ಕಲಿಸಿದರು. ಹುಡುಗ ಹುಡುಗಿಯರು ಒಟ್ಟೊಟ್ಟಾಗಿ ಬಂದರು. ಹಿರಿಯರಿಗೆ ಬೇಸರವಾಯಿತು: "ಕುಣಿತವೇ ಜಾಸ್ತಿ ಆಯ್ತು, ಭಜನೆ ಎಲ್ಲಿ?" ಆ ಮಾತಿನಲ್ಲಿ ಸತ್ಯ ಇತ್ತು. ಕುಣಿಯುತ್ತಾ ಹಾಡಿದರೆ ಉಸಿರು ಸಾಲುವುದಿಲ್ಲ, ಸಾಲಿನ ಕೊನೆ ನುಂಗಿಹೋಗುತ್ತದೆ. ಅದಕ್ಕೆ ಮೈಕಿನ ಮುಂದೆ ಹಿರಿಯರನ್ನೇ ಕೂರಿಸಿದೆವು. ಅವರು ಹೇಳಿಕೊಡುವುದು, ಇವರು ಹೆಜ್ಜೆ ಹಾಕುತ್ತಾ ಹಿಂದೆ ಹೇಳುವುದು. ಕುಣಿತಕ್ಕೆ ಬರುವವರು ಮೊದಲು ಕೂತು ಆ ಪದ ಕಲಿತಿರಬೇಕು ಎಂಬ ಒಂದು ನಿಯಮ ಮಾಡಿದೆ. ಇದರಿಂದ ಮಂಡಳಿಯ ಸ್ವರೂಪವೇ ಬದಲಾಯಿತು. ಮಂಡಿನೋವಿನಿಂದ ಮೂಲೆ ಹಿಡಿದಿದ್ದವರನ್ನು ಈಗ ಮಕ್ಕಳು ಬೈಕಿನಲ್ಲಿ ಕೂರಿಸಿಕೊಂಡು ಬರುತ್ತಾರೆ. ಅವರಿಲ್ಲದೆ ಕುಣಿತ ಶುರುವಾಗುವುದಿಲ್ಲ. ಹೊಸಬರನ್ನು ಸೇರಿಸಲು ಹೊರಟವರಿಗೆ ನಾನು ಹೇಳುವುದು ಇದನ್ನೇ. ಹಳಬರಿಗೂ ಹೊಸಬರಿಗೂ ಬೇರೆ ಬೇರೆ ತಂಡ ಮಾಡಬೇಡಿ. ಒಬ್ಬರ ಕೆಲಸ ಇನ್ನೊಬ್ಬರಿಲ್ಲದೆ ಆಗಬಾರದು.

ಸೊಸೆಯಂದಿರ ಬಗ್ಗೆಯೂ ಹೇಳಬೇಕು. ಹರಪನಹಳ್ಳಿ ಕಡೆಯಿಂದ ಮದುವೆಯಾಗಿ ಬಂದ ಒಬ್ಬಳು ವರ್ಷಗಟ್ಟಲೆ ನಮ್ಮ ಪಕ್ಕದಲ್ಲೇ ಇದ್ದಳು. ಅವಳಿಗೆ ಹಾಡು ಬರುತ್ತದಾ ಅಂತ ಯಾರೂ ಕೇಳಿರಲಿಲ್ಲ. ಅವಳ ತವರಿನ ಕಡೆಯ ಹರಿದಾಸಿ ಹರಪನಹಳ್ಳಿ ಭೀಮವ್ವನವರ 'ಭೀಮೇಶಕೃಷ್ಣ' ಅಂಕಿತದ ಹಾಡುಗಳು ಅವಳಿಗೆ ಅಜ್ಜಿಯಿಂದ ಬಂದಿದ್ದವು. ಅವಳು ಮೊದಲ ಸಲ ಹಾಡಿದ ದಿನ ನಮ್ಮ ಹಿರಿಯ ಭಜಕಿಯೊಬ್ಬರು ತಮ್ಮ ಹಳೆಯ ನೋಟ್‌ಬುಕ್ ತೆಗೆದು, ಖಾಲಿ ಪುಟ ಹುಡುಕಿ, "ಸ್ವಲ್ಪ ನಿಧಾನ ಹೇಳು ಮಗಾ, ಬರ್ಕೊಳ್ತೇನೆ" ಅಂದರು. ಅವಳು ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಆ ವರ್ಷ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಅಂದಿನಿಂದ ಹೊಸಬರನ್ನು "ಹಾಡು ಕಲಿಯಲು ಬನ್ನಿ" ಅಂತ ಕರೆಯುವುದಿಲ್ಲ. "ನಿಮ್ಮ ಮನೆಯಲ್ಲಿ ಹಾಡುತ್ತಿದ್ದ ಒಂದು ಪದ ನಮಗೂ ಹೇಳಿಕೊಡಿ" ಅನ್ನುತ್ತೇನೆ.

ಇನ್ನು ಏಕಾಹದ ನಡುರಾತ್ರಿ. ಆ ಪಾಳಿ ಈಗ ಮುಂಬಯಿ, ಬೆಂಗಳೂರಿಗೆ ಹೋದ ನಮ್ಮೂರ ಮಕ್ಕಳದ್ದು. ವರ್ಷಕ್ಕೊಮ್ಮೆ ಬರುವವರು ಸದಸ್ಯರೇ ಅಲ್ಲ ಅಂತ ಕೆಲವರು ವಾದಿಸಿದರು. ನಿದ್ದೆಗೆಟ್ಟು ಮೂರು ಗಂಟೆ ತಾಳ ಹಾಕುವವರನ್ನು ಬೇರೆ ಏನೆಂದು ಕರೆಯೋಣ? ಅವರಿಗೆ ಬೇಕಾದದ್ದು ದಿನಾಂಕ, ಅದೂ ಬೇಗ. ಮುಂಬಯಿಯಿಂದ ಬರುವ ಮತ್ಸ್ಯಗಂಧ ರೈಲಿನ ಬುಕ್ಕಿಂಗ್ 60 ದಿನ ಮೊದಲು ತೆರೆಯುತ್ತದೆ. ಅಷ್ಟರೊಳಗೆ ಏಕಾಹದ ದಿನ, ಅವರವರ ಪಾಳಿಯ ಗಂಟೆ, ಹಾಡುವ ಪದಗಳ ಪಟ್ಟಿ ಎಲ್ಲ ಅವರ ಫೋನಿಗೆ ಹೋಗಿರುತ್ತದೆ. ಹಿರಿಯರು ಹನ್ನೆರಡಕ್ಕೆ ಮಲಗಿ, ಬೆಳಗಿನ ಜಾವ ಎದ್ದು ಬಂದು ಮಂಗಳಕ್ಕೆ ಸೇರುತ್ತಾರೆ.

ಉಳಿದಿರುವ ಚಿಂತೆ ಹಾರ್ಮೋನಿಯಂನದ್ದು. ನುಡಿಸುವವರು ಒಬ್ಬರೇ, ಅವರಿಗೆ ಬೆರಳು ನಡುಗುತ್ತದೆ. ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಭಾನುವಾರ ಅವರ ಮನೆಗೆ ಹೋಗಿ ಕಲಿಯುತ್ತಿದ್ದಾಳೆ. ಮುಂದಿನ ವರ್ಷ ಅವಳು ಓದಿಗೆ ಬೇರೆ ಊರಿಗೆ ಹೋಗಬಹುದು. ಅದಕ್ಕೇ ಅವಳ ಜೊತೆ ಇನ್ನಿಬ್ಬರನ್ನು ಕಳಿಸಲು ಈ ವಾರ ಅವರ ಮನೆಯವರ ಹತ್ತಿರ ಮಾತಾಡುತ್ತಿದ್ದೇನೆ.