ಚೆಂಡು ಬಿಟ್ಟು ಸೇಫ್ಟಿಯನ್ನು ನೋಡಿದ ಕತೆ

ಪಕ್ಕದ ಸೀಟಿನ ಅಜ್ಜ ಮೂರನೇ ಸಲ ನನ್ನ ಕಡೆ ತಿರುಗಿ ನೋಡಿದರು. ಮೈದಾನದ ಬಲಗಡೆ ಎಲ್ಲೋ ಟ್ಯಾಕಲ್ ಆಗಿತ್ತು. ಸ್ಟೇಡಿಯಂ ಪೂರ್ತಿ ಎದ್ದು ನಿಂತು ಕೂಗುತ್ತಿತ್ತು. ನಾನೊಬ್ಬ ಮಾತ್ರ ಕೂತಲ್ಲೇ ಕೂತು, ಎಡಗಡೆಯ ಖಾಲಿ ಜಾಗದಿಂದ ನಿಧಾನಕ್ಕೆ ನಡೆದು ವಾಪಸ್ ಬರುತ್ತಿದ್ದ ಉದ್ದನೆಯ ಹುಡುಗನನ್ನು ನೋಡುತ್ತ ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಿದ್ದೆ. ಚೆಂಡು ಆ ಕಡೆ ಇದೆಯಪ್ಪಾ ಅನ್ನೋ ಹಾಗೆ ಅಜ್ಜ ಬೆರಳು ತೋರಿಸಿದರು. ಗೊತ್ತು, ನಾನು ಬಂದಿರುವುದು ಅವನನ್ನು ನೋಡೋಕೆ ಅಂದೆ. ಅವರು ನಕ್ಕರು. 'ಹದಿನಾಲ್ಕಾ? ಹಾಗಿದ್ರೆ ಸರಿ ಬಿಡು' ಅಂತ ಪಾಪ್‌ಕಾರ್ನ್ ಡಬ್ಬಿ ನನ್ನತ್ತ ಚಾಚಿದರು.

ಅದು 2021ರ ಸೆಪ್ಟೆಂಬರ್ 18. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ನೋಟರ್ ಡೇಮ್ ಮತ್ತು ಪರ್ಡ್ಯೂ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ. 14ನೇ ನಂಬರಿನ ಜೆರ್ಸಿ ತೊಟ್ಟಿದ್ದವನು ಕೈಲ್ ಹ್ಯಾಮಿಲ್ಟನ್. ನೋಟರ್ ಡೇಮ್‌ನ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು. ಆರಡಿ ನಾಲ್ಕು ಇಂಚು ಎತ್ತರ. ಆ ಜಾಗದಲ್ಲಿ ಆಡುವವರಲ್ಲಿ ಅಷ್ಟು ಎತ್ತರದವರು ತೀರಾ ಅಪರೂಪ. ಅವನು ಎನ್‌ಎಫ್‌ಎಲ್‌ಗೆ, ಅಂದರೆ ಇಲ್ಲಿನ ವೃತ್ತಿಪರ ಲೀಗಿಗೆ, ಹೋದರೆ ಎಷ್ಟು ಬಾಳುತ್ತಾನೆ ಅಂತ ನಾನು ಆ ಇಡೀ ವರ್ಷ ಲೆಕ್ಕ ಹಾಕಿದೆ. ಒಂದು ಕಡೆ ಸರಿಯಾಗಿ ಎಡವಿದೆ ಕೂಡ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್, ಮನೆ ಶಿಕಾಗೋ ಹತ್ತಿರದ ನೇಪರ್‌ವಿಲ್. ಫುಟ್‌ಬಾಲ್ ಹುಚ್ಚು ಈ ದೇಶಕ್ಕೆ ಬಂದಮೇಲೆ ಹತ್ತಿದ್ದು. ನಾವು ಐದು ಜನ ಗೆಳೆಯರು, ಎಲ್ಲಾ ಕನ್ನಡದವರೇ, ಪ್ರತಿ ವರ್ಷ ಏಪ್ರಿಲ್‌ನ ಡ್ರಾಫ್ಟ್‌ಗೆ (ಎನ್‌ಎಫ್‌ಎಲ್ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು) ಮುಂಚೆ ನಮ್ಮದೇ ಪಟ್ಟಿ ಮಾಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಪೊಸಿಷನ್. ಆಟ ನಡೆಸುವ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಬೇಕು ಅಂತ ಎಲ್ಲರೂ ಜಗಳ ಆಡಿದರು. ಸೇಫ್ಟಿ ಯಾರಿಗೂ ಬೇಡವಾಗಿತ್ತು, ನನ್ನ ಪಾಲಿಗೆ ಬಂತು.

ಸೇಫ್ಟಿ ಅಂದರೆ ಡಿಫೆನ್ಸಿನ ಕಟ್ಟಕಡೆಯ ಕಾವಲುಗಾರ. ಮುಂದಿನವರೆಲ್ಲ ತಪ್ಪಿದರೆ ಇವನು ಹಿಡಿಯಬೇಕು, ಇವನೂ ತಪ್ಪಿದರೆ ಎದುರಾಳಿ ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಪಡೆಯುತ್ತಾನೆ, ಅದೇ ಟಚ್‌ಡೌನ್. ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೈಡರ್ ಗೆರೆ ಕಡೆ ಜಿಗಿಯುವಾಗ ಪಾದ ಹಿಡಿಯುವ ಒಬ್ಬನಿರುತ್ತಾನಲ್ಲ, ಅವನಂಥ ಕೆಲಸ. ಅದರ ಜೊತೆಗೆ ಆಕಾಶದಲ್ಲಿ ಬರುವ ಚೆಂಡನ್ನೂ ನೋಡಿಕೊಳ್ಳಬೇಕು.

ಮೊದಲನೇ ತೊಂದರೆ ಅಂದರೆ ಟಿವಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಸ್ನ್ಯಾಪ್ ಆಗುವ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಹೊತ್ತಿಗೆ ಸೇಫ್ಟಿ ಪರದೆಯಲ್ಲೇ ಇರುವುದಿಲ್ಲ. ಎನ್‌ಎಫ್‌ಎಲ್ ಪಂದ್ಯಗಳಿಗಾದರೆ ಇಪ್ಪತ್ತೆರಡು ಜನರೂ ಕಾಣುವ, ಮೇಲಿನಿಂದ ತೆಗೆದ ವಿಡಿಯೊ ದುಡ್ಡು ಕೊಟ್ಟರೆ ಸಿಗುತ್ತದೆ. ಕಾಲೇಜು ಪಂದ್ಯಗಳದ್ದು ನನ್ನಂಥವರ ಕೈಗೆ ಸಿಗುವುದು ಕಷ್ಟ. ಅದಕ್ಕೇ ಎರಡು ಗಂಟೆ ಕಾರು ಓಡಿಸಿಕೊಂಡು ಸೌತ್ ಬೆಂಡ್‌ಗೆ ಹೋಗುತ್ತಿದ್ದೆ. ಅಲ್ಲಿನ ಗಡಿಯಾರ ನಮ್ಮೂರಿಗಿಂತ ಒಂದು ಗಂಟೆ ಮುಂದೆ. ಮೊದಲ ಸಲ ಅದನ್ನು ಮರೆತು ಹೋಗಿ ಕಾಲು ಪಂದ್ಯ ಕಳೆದುಕೊಂಡಿದ್ದೂ ಉಂಟು. ಟಿಕೆಟ್ಟು ಯಾವಾಗಲೂ ಮೇಲಿನ ಅಗ್ಗದ ಸಾಲಿನದು. ದುಡ್ಡು ಉಳಿಯುತ್ತೆ ಅನ್ನೋದು ನಿಜ, ಆದರೆ ಸೇಫ್ಟಿ ನೋಡೋಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೆಳಗೆ ಕೂತರೆ ಹೆಲ್ಮೆಟ್ಟುಗಳು ಕಾಣುತ್ತವೆ, ಮೇಲೆ ಕೂತರೆ ದೂರಗಳು ಕಾಣುತ್ತವೆ.

ನನ್ನ ನೋಟ್‌ಬುಕ್ಕಿನಲ್ಲಿ ಕಾಲಂಗಳು ಕನ್ನಡದಲ್ಲೇ ಇವೆ: ಕಣ್ಣು, ದಾರಿ, ಹಿಡಿತ. ಆಮೇಲೆ 'ಇತರೆ' ಅಂತ ಒಂದು, ಅದರಲ್ಲಿ ಅರ್ಧ ಹಾಳುಮೂಳು.

ಕಣ್ಣಿನ ಕಾಲಮ್ಮಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಪ್ಲೇ ಆಕ್ಷನ್ ಅಂತ ಒಂದು ಮೋಸ ಇದೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಗೆ ತುರುಕಿದಂತೆ ಮಾಡಿ, ಎಳೆದುಕೊಂಡು, ದೂರಕ್ಕೆ ಎಸೆಯುತ್ತಾನೆ. ಓಟ ಅಂತ ನಂಬಿ ಸೇಫ್ಟಿ ಮುಂದಕ್ಕೆ ಎರಡು ಹೆಜ್ಜೆ ಇಟ್ಟರೆ ಚೆಂಡು ಅವನ ತಲೆಯ ಮೇಲೇ ಹೋಗುತ್ತದೆ. ಹಾಗಾಗಿ ನಾನು ಗಮನಿಸುವುದು ಪಾದಗಳನ್ನು. ಸ್ನ್ಯಾಪ್ ಆದಮೇಲೆ ಎಷ್ಟು ಹೊತ್ತು ಅನುಮಾನದಲ್ಲಿ ನಿಂತ? ಯಾವಾಗ ಕಾಲು ಊರಿ ತಿರುಗಿದ? ಕ್ವಾರ್ಟರ್‌ಬ್ಯಾಕಿನ ಭುಜ ತಿರುಗುವ ಮುಂಚೆಯೋ, ಚೆಂಡು ಕೈ ಬಿಟ್ಟ ಮೇಲೋ? ಮನೆಗೆ ಬಂದು ಅದೇ ಪ್ಲೇ (ಸ್ನ್ಯಾಪ್‌ನಿಂದ ಆಟ ನಿಲ್ಲುವವರೆಗಿನ ಒಂದು ತುಣುಕು) ರೆಕಾರ್ಡಿಂಗ್‌ನಲ್ಲಿ ಹಾಕಿ, ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತೇನೆ. ಸೆಕೆಂಡಿಗೆ 60 ಫ್ರೇಮ್ ಇದ್ದರೆ 15 ಫ್ರೇಮ್ ಅಂದರೆ ಕಾಲು ಸೆಕೆಂಡು. ಪರದೆಯಲ್ಲಿ ಅವನು ಇಲ್ಲದಿದ್ದರೂ ಪರವಾಗಿಲ್ಲ. ಚೆಂಡಿನ ಜೊತೆ ಕ್ಯಾಮೆರಾ ತಿರುಗಿದಾಗ ಅವನು ಯಾವ ಮೂಲೆಯಿಂದ, ಎಷ್ಟು ವೇಗದಲ್ಲಿ ಒಳಗೆ ಬಂದ ಅನ್ನೋದರಿಂದ, ಅವನು ಯಾವಾಗ ಹೊರಟಿರಬೇಕು ಅಂತ ಹಿಂದಕ್ಕೆ ಎಣಿಸಬಹುದು. ಹೆಂಡತಿ ಇದನ್ನು 'ನಿಮ್ಮ ಸಿಐಡಿ ಕೆಲಸ' ಅನ್ನುತ್ತಾಳೆ.

ಆ ವರ್ಷದ ಮೊದಲ ಪಂದ್ಯ ಸೆಪ್ಟೆಂಬರ್ 5ರಂದು, ಫ್ಲೋರಿಡಾ ಸ್ಟೇಟ್ ವಿರುದ್ಧ, ಟಲಹಾಸಿಯಲ್ಲಿ. ಹ್ಯಾಮಿಲ್ಟನ್ ಅವತ್ತು ಎರಡು ಇಂಟರ್ಸೆಪ್ಷನ್ ಮಾಡಿದ, ಅಂದರೆ ಎದುರಾಳಿ ಎಸೆದ ಚೆಂಡನ್ನು ಎರಡು ಸಲ ತಾನೇ ಹಿಡಿದ. ಅದರಲ್ಲಿ ಒಂದನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ. ಆಚೆ ಕಡೆಯ ಹ್ಯಾಷ್ ಮಾರ್ಕಿನಿಂದ (ಮೈದಾನದ ನಡುವೆ ಉದ್ದಕ್ಕೂ ಇರುವ ಎರಡು ಸಾಲು ಗುರುತು, ಪ್ರತಿ ಪ್ಲೇ ಶುರುವಾಗೋದು ಅವುಗಳ ಮೇಲೆ ಅಥವಾ ನಡುವೆ) ಹೊರಟು, ಮೈದಾನವನ್ನು ಅಡ್ಡಕ್ಕೆ ದಾಟಿ, ಈಚೆ ಸೈಡ್‌ಲೈನಿನ ಅಂಚಿನಲ್ಲಿ ಚೆಂಡನ್ನು ಕಸಿದುಕೊಂಡ. ಟಿವಿಯವರು ಅವನ ಕೈ ಹೊಗಳಿದರು, ಎತ್ತರ ಹೊಗಳಿದರು. ನನಗೆ ಅದರಲ್ಲಿ ಕಂಡದ್ದು ಹೊರಟ ಗಳಿಗೆ. ಚೆಂಡು ಕೈ ಬಿಟ್ಟ ಮೇಲೆ ಹೊರಟಿದ್ದರೆ ಮನುಷ್ಯ ಮಾತ್ರದವನಿಗೆ ಅಲ್ಲಿಗೆ ಮುಟ್ಟೋಕೆ ಆಗುತ್ತಿರಲಿಲ್ಲ.

ಇಲ್ಲಿ ಹ್ಯಾಷ್ ಮಾರ್ಕಿನ ವಿಷಯ ಒಂಚೂರು ಹೇಳಲೇಬೇಕು. ಕಾಲೇಜು ನೋಡಿ ಎನ್‌ಎಫ್‌ಎಲ್ ಊಹಿಸುವವರು ಎಡವುವ ಜಾಗ ಇದು. ಮೈದಾನದ ಅಗಲ ಎರಡೂ ಕಡೆ ಒಂದೇ, 160 ಅಡಿ. ಆದರೆ ಕಾಲೇಜಿನಲ್ಲಿ ಹ್ಯಾಷ್ ಮಾರ್ಕುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು ಮಾತ್ರ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಷ್ ಮೇಲಿದ್ದರೆ ಆಚೆ ಸೈಡ್‌ಲೈನಿಗೆ 100 ಅಡಿ, ಈಚೆ ಸೈಡ್‌ಲೈನಿಗೆ ಬರೀ 60. ಅಗಲದ ಕಡೆ ನಿಂತ ಸೇಫ್ಟಿಗೆ ಹೊಲ ಕಾಯುವಷ್ಟು ಜಾಗ, ಕಿರಿದಾದ ಕಡೆ ನಿಂತವನಿಗೆ ಹಿತ್ತಲು ಕಾಯುವಷ್ಟು. ಕಿರಿದಾದ ಕಡೆಯೇ ವರ್ಷವಿಡೀ ಆಡಿದ ಹುಡುಗ ಚೆನ್ನಾಗಿ ಆಡಿದಂತೆ ಕಂಡರೆ, ಅವನ ಬಗ್ಗೆ ನಮಗೆ ಗೊತ್ತಾಗಿದ್ದು ಅರ್ಧವೇ. ನೋಟ್‌ಬುಕ್ಕಿನಲ್ಲಿ ಪ್ರತಿ ಪ್ಲೇ ಪಕ್ಕ 'ಹೊಲ' ಅಥವಾ 'ಹಿತ್ತಲು' ಅಂತ ಬರೆಯುವ ಅಭ್ಯಾಸ ಇಲ್ಲಿಂದ ಬಂತು. ಹ್ಯಾಮಿಲ್ಟನ್‌ನನ್ನು ಆ ತಂಡ ಎಲ್ಲಾ ಕಡೆ ನಿಲ್ಲಿಸುತ್ತಿತ್ತು. ಹಿಂದೆ ಒಬ್ಬನೇ, ಸ್ಲಾಟ್ ರಿಸೀವರ್ (ಒಳಗಡೆ ನಿಂತು ಎಸೆದ ಚೆಂಡು ಹಿಡಿಯುವವನು) ಎದುರು, ಆಟ ಶುರುವಾಗುವ ಲೈನಿನ ಹತ್ತಿರ. ನನಗೆ ಅದು ವರ.

ದಾರಿಯ ಕಾಲಂ ಇದಕ್ಕೇ ಅಂಟಿಕೊಂಡಿದೆ. ಚೆಂಡು ಹಿಡಿದು ಓಡುವವನ ಕಡೆಗೆ ಓಡಬಾರದು, ಅವನು ಇನ್ನೆರಡು ಸೆಕೆಂಡಿಗೆ ಎಲ್ಲಿರುತ್ತಾನೋ ಅಲ್ಲಿಗೆ ಓಡಬೇಕು. ಬೌಂಡರಿಯಲ್ಲಿ ಚೆಂಡಿಗೆ ಅಡ್ಡ ಓಡುವ ಫೀಲ್ಡರ್ ಹಾಗೆ. ಹಿಡಿತದ ಬಗ್ಗೆ ಜಾಸ್ತಿ ಹೇಳೋದಿಲ್ಲ. ದೊಡ್ಡ ಶಬ್ದ ಬರುವ ಡಿಕ್ಕಿಗಳಿಗೆ ನನ್ನ ಹತ್ತಿರ ಅಂಕ ಇಲ್ಲ, ಕೊನೆಯವನಾಗಿ ನಿಂತಾಗ ಕೆಡವಿದನೋ ಇಲ್ಲವೋ ಅಷ್ಟೇ.

ಒಂದು ಅನುಮಾನವನ್ನೂ ಬರೆದುಕೊಂಡಿದ್ದೆ. ಕಾಲು ಉದ್ದ, ಸೊಂಟ ಎತ್ತರ. ಗಿಡ್ಡಗೆ ಚುರುಕಾಗಿರುವ ಸ್ಲಾಟ್ ರಿಸೀವರ್ ಒಳಗೆ ಹೋದಂತೆ ಮಾಡಿ ಹೊರಗೆ ಕತ್ತರಿಸಿದರೆ, ಇವನು ತಿರುಗೋಕೆ ಒಂದು ಹೆಜ್ಜೆ ಜಾಸ್ತಿ ತಗೊಳ್ಳುತ್ತಿದ್ದ.

ಅಕ್ಟೋಬರ್ 23ರ ರಾತ್ರಿ ಯುಎಸ್‌ಸಿ ವಿರುದ್ಧದ ಪಂದ್ಯದ ಮೊದಲ ಕ್ವಾರ್ಟರ್‌ನಲ್ಲೇ ಅವನ ಮೊಣಕಾಲಿಗೆ ಪೆಟ್ಟಾಯಿತು. ನೋಟರ್ ಡೇಮ್ 31-16ರಲ್ಲಿ ಗೆದ್ದಿತು, ಅವನು ಆ ವರ್ಷ ಮತ್ತೆ ಆಡಲಿಲ್ಲ. ಹಿಂದಿನ ಎರಡು ವರ್ಷದ ಪಂದ್ಯಗಳನ್ನು ಹುಡುಕಿ ನೋಡೋದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ಜನವರಿ ಹೊತ್ತಿಗೆ ನಮ್ಮ ಪಟ್ಟಿಯಲ್ಲಿ ಅವನನ್ನು ಒಟ್ಟಾರೆ ಮೂರನೇ ಜಾಗದಲ್ಲಿ ಇಟ್ಟಿದ್ದೆ. ಸೇಫ್ಟಿಗೆ ಮೂರನೇ ಜಾಗವಾ ಅಂತ ಗ್ರೂಪಿನಲ್ಲಿ ಗಲಾಟೆ. ಅವರದ್ದೂ ತಪ್ಪಲ್ಲ, ತಂಡಗಳು ಸೇಫ್ಟಿಗೆ ಮೊದಲ ಹತ್ತರಲ್ಲಿ ಕೈ ಹಾಕೋದು ಕಡಿಮೆ.

ಆಮೇಲೆ ಮಾರ್ಚ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ನಡೆಯಿತು, ಡ್ರಾಫ್ಟ್‌ಗೆ ಬರುವವರ ಓಟ, ಜಿಗಿತ ಅಳೆಯುವ ಪರೀಕ್ಷೆ. ಹ್ಯಾಮಿಲ್ಟನ್ 40 ಯಾರ್ಡ್ ಓಡಿದ್ದು 4.59 ಸೆಕೆಂಡಿನಲ್ಲಿ. ಜಾರ್ಜಿಯಾದ ಸೇಫ್ಟಿ ಲೂಯಿಸ್ ಸೀನ್ ಓಡಿದ್ದು 4.37ರಲ್ಲಿ. ಕಾಲೇಜಿನಲ್ಲೇ ನಡೆಯುವ ಪ್ರೋ ಡೇ ದಿನ ಹ್ಯಾಮಿಲ್ಟನ್ ಇನ್ನೂ ನಿಧಾನ ಓಡಿದ ಅಂತ ಸುದ್ದಿ ಬಂತು. ಗ್ರೂಪಿನಲ್ಲಿ ಒಬ್ಬ 'ಗುರೂ, ನಿನ್ನ ಹುಡುಗ ಎತ್ತಿನ ಗಾಡಿ' ಅಂತ ಹಾಕಿದ. ನನಗೆ ಅವಮಾನ ಆಯಿತು. ಆರು ತಿಂಗಳ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ಅದನ್ನು ತೆರೆಯದೇ ಹ್ಯಾಮಿಲ್ಟನ್‌ನನ್ನು ಹನ್ನೆರಡಕ್ಕೆ ಇಳಿಸಿ, ಸೀನ್‌ನನ್ನು ಅವನ ಮೇಲಕ್ಕೆ ಎತ್ತಿದೆ.

ಇದು ಎಂಥ ಪೆದ್ದತನ ಅಂತ ಈಗ ಲೆಕ್ಕ ಹಾಕಿ ತೋರಿಸಬಲ್ಲೆ. ವೇಗ ಹಿಡಿದ ಆಟಗಾರ ಸೆಕೆಂಡಿಗೆ ಸುಮಾರು 10 ಯಾರ್ಡ್ ಓಡುತ್ತಾನೆ. ಆ 0.22 ಸೆಕೆಂಡಿನ ವ್ಯತ್ಯಾಸ ಅಂದರೆ 40 ಯಾರ್ಡ್ ಓಡಿದ ಮೇಲೆ ಹೆಚ್ಚುಕಡಿಮೆ 2 ಯಾರ್ಡ್. ಪ್ಲೇ ಆಕ್ಷನ್ ನಂಬಿ ಸೇಫ್ಟಿ ಅರ್ಧ ಸೆಕೆಂಡು ತಡಮಾಡಿದ ಅನ್ನಿ. ಅಷ್ಟರಲ್ಲಿ ಅವನ ಪಕ್ಕ ಹಾದುಹೋಗುವ ರಿಸೀವರ್ 5 ಯಾರ್ಡ್ ಮುಂದೆ ಇರುತ್ತಾನೆ. ಚಡ್ಡಿ ಹಾಕಿಕೊಂಡು, ನೇರ ಗೆರೆಯಲ್ಲಿ, ತನಗೆ ಬೇಕಾದಾಗ ಹೊರಟು ಓಡುವ ಓಟದಲ್ಲಿ ಈ ಅರ್ಧ ಸೆಕೆಂಡು ಎಲ್ಲೂ ದಾಖಲಾಗೋದಿಲ್ಲ. ಅಲ್ಲದೆ ಅದೇ ಕಂಬೈನ್‌ನಲ್ಲಿ ಹ್ಯಾಮಿಲ್ಟನ್ ನಿಂತಲ್ಲಿಂದ 38 ಇಂಚು ಮೇಲಕ್ಕೆ, 10 ಅಡಿ 11 ಇಂಚು ಮುಂದಕ್ಕೆ ಜಿಗಿದಿದ್ದ. 220 ಪೌಂಡಿನ ಮೈ ಅದು. ಅದನ್ನು ನೋಡಿಯೂ ನಾನು ನೋಡಲಿಲ್ಲ.

ಇನ್ನೊಂದು ತಪ್ಪು ಸೀನ್ ವಿಷಯದಲ್ಲಿ. ಜಾರ್ಜಿಯಾದ ಆ ವರ್ಷದ ಡಿಫೆನ್ಸಿನಿಂದ ಐದು ಜನ 2022ರ ಮೊದಲ ಸುತ್ತಿನಲ್ಲೇ ಆಯ್ಕೆಯಾದರು, ಸೀನ್ ಅವರಲ್ಲೊಬ್ಬ. ಮುಂದೆ ಅಂಥ ಗೋಡೆ ಇದ್ದರೆ ಎದುರಾಳಿ ಕ್ವಾರ್ಟರ್‌ಬ್ಯಾಕಿಗೆ ದೂರ ಎಸೆಯೋಕೆ ಪುರುಸೊತ್ತೇ ಸಿಗೋದಿಲ್ಲ. ಹಿಂದಿರುವ ಸೇಫ್ಟಿಗೆ ಪರೀಕ್ಷೆಯೂ ಕಡಿಮೆ. ಖಾಲಿ ಪ್ರಶ್ನೆಪತ್ರಿಕೆಗೆ ನಾನು ಅಂಕ ಕೊಟ್ಟಿದ್ದೆ.

ಏಪ್ರಿಲ್ 28ರ ರಾತ್ರಿ ಬಾಲ್ಟಿಮೋರ್ ರೇವನ್ಸ್ ಹ್ಯಾಮಿಲ್ಟನ್‌ನನ್ನು 14ನೇ ಆಯ್ಕೆಯಾಗಿ ತೆಗೆದುಕೊಂಡಿತು. ಜೆರ್ಸಿ ನಂಬರೂ ಅದೇ, ಕಾಕತಾಳೀಯ. ಸೀನ್ 32ನೆಯವನಾಗಿ ಮಿನೆಸೋಟಾ ವೈಕಿಂಗ್ಸ್‌ಗೆ ಹೋದ. ಆ ಅಕ್ಟೋಬರ್‌ನಲ್ಲಿ ಲಂಡನ್ ಪಂದ್ಯದಲ್ಲಿ ಸೀನ್ ಕಾಲು ಮುರಿಯಿತು. ಅದನ್ನು ನನ್ನ ತಪ್ಪು-ಸರಿಗಳ ಲೆಕ್ಕಕ್ಕೆ ಸೇರಿಸಿಲ್ಲ, ಯಾವ ವಿಡಿಯೊ ನೋಡಿದರೂ ಅದು ಮುಂಚೆಯೇ ತಿಳಿಯುವಂಥದ್ದಲ್ಲ.

ಹ್ಯಾಮಿಲ್ಟನ್‌ದೂ ಶುರುವಿನಲ್ಲಿ ಹೂವಿನ ಹಾದಿ ಆಗಿರಲಿಲ್ಲ. ಎರಡನೇ ವಾರ ಮಯಾಮಿ ಡಾಲ್ಫಿನ್ಸ್ 35-14ರಿಂದ ಮೇಲೆದ್ದು 42-38ಕ್ಕೆ ಗೆದ್ದ ದಿನ, ಅವರ ರಿಸೀವರ್ ಟೈರಿಕ್ ಹಿಲ್ ಕೊನೆಯ ಕ್ವಾರ್ಟರ್‌ನಲ್ಲಿ 48 ಮತ್ತು 60 ಯಾರ್ಡಿನ ಎರಡು ಟಚ್‌ಡೌನ್ ಹಿಡಿದ. ರೇವನ್ಸ್‌ನ ಹಿಂದಿನ ಸಾಲೇ ಗಲಿಬಿಲಿಯಾಗಿತ್ತು. ನನ್ನ ಫೋನು ಟಿಂಗ್ ಟಿಂಗ್ ಅಂತ ನಿಲ್ಲಲೇ ಇಲ್ಲ, ಎತ್ತಿನ ಗಾಡಿ ಚಿತ್ರಗಳು. ಮರುವರ್ಷ ಕೋಲ್ಟ್ಸ್ ವಿರುದ್ಧ ಅದೇ ಹುಡುಗ ಮೊದಲರ್ಧದಲ್ಲೇ ಮೂರು ಸ್ಯಾಕ್ ಮಾಡಿದ, ಅಂದರೆ ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದ. ಆ ವರ್ಷದ ಕೊನೆಗೆ ಆಲ್ ಪ್ರೋ, ಅಂದರೆ ಇಡೀ ಲೀಗಿನ ಅತ್ಯುತ್ತಮರ ಮೊದಲ ತಂಡದಲ್ಲಿದ್ದ. ಅವತ್ತು ಗ್ರೂಪಿನಲ್ಲಿ ನಾನು ಏನೂ ಹಾಕಲಿಲ್ಲ. ಹನ್ನೆರಡಕ್ಕೆ ಇಳಿಸಿದವನು ನಾನೇ ಅಲ್ವಾ.

2023ರಲ್ಲಿ ಅಲಬಾಮಾದ ಸೇಫ್ಟಿ ಬ್ರಯನ್ ಬ್ರಾಂಚ್ ಬಂದ. ಹ್ಯಾಮಿಲ್ಟನ್‌ಗಿಂತ ನಾಲ್ಕು ಇಂಚು ಗಿಡ್ಡ. ಹೆಚ್ಚಾಗಿ ಸ್ಲಾಟ್‌ನಲ್ಲಿ ಆಡುತ್ತಿದ್ದವನು, ಟ್ಯಾಕಲ್ ಮಾಡುವಾಗ ಎದುರಾಳಿ ಕೈತಪ್ಪಿ ಹೋಗೋದು ಅಪರೂಪ. ಆ ಸಲ ಕಂಬೈನ್‌ಗೆ ಮೊದಲೇ ಅಂಕ ಬರೆದು ಶೀಟನ್ನು ಲಾಕ್ ಮಾಡಿ, ಪಾಸ್‌ವರ್ಡನ್ನು ಹೆಂಡತಿ ಕೈಗೆ ಕೊಟ್ಟೆ. ಅವನು 4.58 ಓಡಿದ. ನಾನು 'ಒಂದೇ ಒಂದು ಸಲ ಕೊಡು' ಅಂತ ಕೇಳಿದೆ, ಅವಳು ಕೊಡಲಿಲ್ಲ. ಮೊದಲ ಸುತ್ತಿನಲ್ಲಿ ಯಾವ ಸೇಫ್ಟಿಯೂ ಹೋಗಲಿಲ್ಲ. ಬ್ರಾಂಚ್‌ನನ್ನು ಡೆಟ್ರಾಯಿಟ್ ಲಯನ್ಸ್ 45ನೆಯವನಾಗಿ ಎತ್ತಿಕೊಂಡಿತು. ಸೆಪ್ಟೆಂಬರ್ 7ರಂದು, ಎನ್‌ಎಫ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲೇ, ಚೀಫ್ಸ್ ರಿಸೀವರ್ ಕೈಯಿಂದ ಪುಟಿದ ಚೆಂಡನ್ನು ಹಿಡಿದು 50 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಅದೃಷ್ಟ ಅಂತ ಗ್ರೂಪಿನಲ್ಲಿ ಬರೆದರು. ಪುಟಿದದ್ದು ಅದೃಷ್ಟವೇ, ನಾನೂ ಒಪ್ಪಿದೆ. ಆಮೇಲೆ ಆ ಪ್ಲೇ ಮತ್ತೆ ಹಾಕಿ, ಚೆಂಡು ಪುಟಿಯುವ ಮುಂಚೆ ಅವನ ಪಾದ ಯಾವ ಕಡೆ ತಿರುಗಿತ್ತು ಅಂತ ನೋಡೋಕೆ ಫ್ರೇಮ್ ಎಣಿಸುತ್ತ ಕೂತೆ. ಊಟ ತಣ್ಣಗಾಯಿತು.