ಸಭೆಯಲ್ಲಿ ಎದ್ದು ನಿಂತು ದೇವರ ಮಾತು ಎತ್ತುವ ಮುಂಚೆ

ನಾನೇ ಮಾಡಿಕೊಂಡ ಯಡವಟ್ಟಿನಿಂದ ಶುರು ಮಾಡುತ್ತೇನೆ. ನಮ್ಮದು ಬೇಲೂರು ಕಡೆಯ ಹಳ್ಳಿ. ಮನೆಯಲ್ಲಿ ಲಿಂಗಪೂಜೆ ಆಗದೆ ಕಾಫಿ ಕೂಡ ಕುಡಿಯೋರಲ್ಲ. ಊರ ಶಾಲೆಯಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆದಿದ್ದರು, ಬಿಸಿಯೂಟದ ಮೊಟ್ಟೆ ವಿಷಯ. ನಾನು ಎದ್ದು ನಿಂತವನೇ "ಮೊಟ್ಟೆ ತಿನ್ನೋದು ಪಾಪ, ಶಾಲೆ ಅಂದ್ರೆ ಸರಸ್ವತಿ ಇರೋ ಜಾಗ" ಅಂದುಬಿಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಕೇಳಿದರು: "ಹಾಗಾದ್ರೆ ನಮ್ಮ ಮಕ್ಳೆಲ್ಲ ಪಾಪಿಗಳಾ ಅಣ್ಣಾ?" ನನ್ನ ಬಾಯಿ ಕಟ್ಟಿತು. ನನಗೆ ಬೇಕಾಗಿದ್ದು ಇಷ್ಟೇ, ಮೊಟ್ಟೆ ಬೇಯಿಸಿದ ಪಾತ್ರೆ ನನ್ನ ಮಗಳ ಅನ್ನಕ್ಕೆ ತಾಗಬಾರದು. ಅದನ್ನು ಮಾತ್ರ ನಾನು ಹೇಳಲೇ ಇಲ್ಲ.

ಹಾಗಾಗಿ ಮೊದಲು ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಳ್ಳಿ. ನಾನು ನಂಬಿರುವುದು ಏನು? ಸಭೆಯಿಂದ ನನಗೆ ಆಗಬೇಕಾದ್ದು ಏನು? ಮೊದಲನೆಯದು ನಿಮ್ಮದು, ಅದನ್ನು ಯಾರೂ ಒಪ್ಪಬೇಕಾಗಿಲ್ಲ. ಎರಡನೆಯದು ಮಾತ್ರ ನಿಮ್ಮ ದೇವರನ್ನು ನಂಬದವನೂ ಕೂತು ಯೋಚಿಸುವಂಥದ್ದಾಗಿರಬೇಕು. ಎರಡನೇ ಸಾಲು ಹೊಳೆಯದಿದ್ದರೆ ಅವತ್ತು ಸುಮ್ನೆ ಕೂತು ಕೇಳಿಸಿಕೊಂಡು ಬನ್ನಿ.

ಇದು ನಾನು ಕಂಡುಹಿಡಿದದ್ದೇನಲ್ಲ. ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲೇ 1368ರ ಒಂದು ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದು ಜೈನರು ವಿಜಯನಗರದ ಅರಸ ಬುಕ್ಕರಾಯನ ಹತ್ತಿರ ದೂರು ಒಯ್ದರು. ರಾಯ ಎರಡೂ ದರ್ಶನಗಳಲ್ಲಿ, ಅಂದರೆ ಮತಗಳಲ್ಲಿ, ಭೇದವಿಲ್ಲ ಅಂತ ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ ನೋಡಿ. ಜೈನರಿಗೆ ಮೊದಲಿನಂತೆ ಪಂಚಮಹಾವಾದ್ಯ (ಗೌರವಕ್ಕೆ ನುಡಿಸುವ ಐದು ವಾದ್ಯ) ಮತ್ತು ಕಳಶ ಸಲ್ಲಬೇಕು ಅಂತ ಬಿಡಿಸಿ ಬರೆಸಿದ. ವಾದ್ಯ, ಕಳಶ. ಯಾರ ದೇವರು ದೊಡ್ಡವನು ಅಂತ ಕೂತಿದ್ದರೆ ಇವತ್ತಿಗೂ ಮುಗಿಯುತ್ತಿರಲಿಲ್ಲ, ಅಲ್ವಾ?

ಎರಡನೇ ತಪ್ಪು ನನ್ನದಲ್ಲ, ನನ್ನ ಪಕ್ಕ ಕೂತಿದ್ದವರದ್ದು. ಅವರಿಗೂ ಬೇಡವಾಗಿದ್ದದ್ದು ಮಡಿ ಕಾರಣಕ್ಕೇ. ಆದರೆ ಅದನ್ನು ಹೇಳಲು ನಾಚಿಕೆಪಟ್ಟು "ಮೊಟ್ಟೆ ತಿಂದರೆ ಮಕ್ಕಳಿಗೆ ಅಜೀರ್ಣ ಆಗುತ್ತೆ" ಅಂದರು. ಹೆಡ್‌ಮೇಡಂ ಎರಡೇ ನಿಮಿಷದಲ್ಲಿ ಅದನ್ನು ಬಿಡಿಸಿ ಹಾಕಿದರು, ಜೊತೆಗೆ ಇವರ ಮಾತಿನ ಮೇಲಿನ ನಂಬಿಕೆಯೂ ಹೋಯಿತು. ಕಾರಣ ಭಕ್ತಿಯೇ ಆಗಿದ್ದರೆ ಭಕ್ತಿ ಅಂತಲೇ ಹೇಳಿ. "ಧರ್ಮದಲ್ಲಿ ಹೀಗಿದೆ" ಅನ್ನಬೇಡಿ, ಆಗ ಇನ್ನೊಬ್ಬ ಇನ್ನೊಂದು ವಚನ ತರುತ್ತಾನೆ. "ನಮ್ಮ ಮನೆಯಲ್ಲಿ ನಡೆದುಕೊಂಡು ಬಂದದ್ದು ಹೀಗೆ" ಅನ್ನಿ. ಇದಕ್ಕೆ ಯಾರೂ ಎದುರಾಡುವುದಿಲ್ಲ.

ಹೆಸರುಗಳ ವಿಷಯದಲ್ಲಿ ಹುಷಾರು. ಚಿಕ್ಕಮಗಳೂರಿಗೆ ಹೋಗಿ ಬೆಟ್ಟದ ಮೇಲೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗುಹೆಯ ಬಗ್ಗೆ ಮಾತಾಡುವಾಗ ಬರೀ "ದತ್ತಪೀಠ" ಅಂದರೂ, ಬರೀ "ಬಾಬಾಬುಡನ್ ದರ್ಗಾ" ಅಂದರೂ, ಮುಂದಿನ ಮಾತು ಕೇಳುವ ಮುಂಚೆಯೇ ಎದುರಿನವರು ನಿಮ್ಮನ್ನು ಒಂದು ಕಡೆಗೆ ಸೇರಿಸಿ ಆಗಿರುತ್ತದೆ. ಸರ್ಕಾರಿ ಕಾಗದದಲ್ಲಿ ಇರುವುದು ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಅಂತ. ಉದ್ದ ನಿಜ, ಆದರೆ ಪೂರ್ತಿ ಹೇಳಿದರೆ ಕೇಳುವವರು ಇನ್ನರ್ಧ ನಿಮಿಷ ಕಿವಿ ಕೊಡುತ್ತಾರೆ.

ಮಾತಾಡುವ ಮುಂಚೆ ಆ ಜಾಗಕ್ಕೆ ಹೋಗಿ ಬನ್ನಿ. ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣ ಮಾಡುವ ಹಳೇ ಪದ್ಧತಿ ಇದೆ. 2022ರಲ್ಲಿ ಅದಕ್ಕೆ ಆಕ್ಷೇಪ ಎದ್ದಾಗ ನಮ್ಮ ಟೀ ಅಂಗಡಿಯಲ್ಲಿ ದಿನಾ ವಾದ. ಪರ, ವಿರೋಧ ಎರಡೂ ಕಡೆ ಗಂಟಲು ಹರಿದುಕೊಂಡವರಲ್ಲಿ ಅರ್ಧ ಜನ ರಥದ ಮುಂದೆ ಒಂದು ಸಲವೂ ನಿಂತವರಲ್ಲ. ತೇರಿನ ದಿನ ಹಣ್ಣು ಮಾರಲು ಹೋಗುತ್ತಿದ್ದ ಅಜ್ಜ ಒಬ್ಬರು ಬಾಯಿ ಬಿಟ್ಟಾಗ ಮಾತ್ರ ಎಲ್ಲರೂ ಲೋಟ ಕೆಳಗಿಟ್ಟರು.

ಇನ್ನು ಕಾನೂನು, ಚಿಕ್ಕದಾಗಿ. ಬೇಕೆಂದೇ ಕೆಟ್ಟ ಉದ್ದೇಶದಿಂದ ಒಂದು ಧರ್ಮವನ್ನೋ ನಂಬಿಕೆಯನ್ನೋ ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಲ್ಲಿ 3 ವರ್ಷದವರೆಗೆ ಶಿಕ್ಷೆ ಇದೆ. ಹಳೇ ಐಪಿಸಿಯ (ಭಾರತೀಯ ದಂಡ ಸಂಹಿತೆಯ) 295ಎ ಅದು. ನಿಮ್ಮ ನಂಬಿಕೆ ಹೇಳಿಕೊಳ್ಳುವುದಕ್ಕೆ ಸಂವಿಧಾನದ 25ನೇ ವಿಧಿಯೇ ಇದೆ, ಹೆದರಬೇಡಿ. ಇನ್ನೊಬ್ಬರ ದೇವರ ಬಗ್ಗೆ ಜೋಕ್ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ, ನಗು ಬಂದರೂ.

ಮುಂದಿನ ಸಭೆಗೆ ಚೀಟಿ ಜೇಬಲ್ಲಿಟ್ಟುಕೊಂಡು ಹೋದೆ. "ಹೋದ ಸಲ ಪಾಪ ಅಂದಿದ್ದು ತಪ್ಪಾಯ್ತು. ನಮ್ಮ ಮನೆಯಲ್ಲಿ ಮೊಟ್ಟೆ ತಾಗಿದ್ದು ತಿನ್ನುವುದಿಲ್ಲ. ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಸೌಟು ಇಟ್ಟರೆ ಸಾಕು, ನನ್ನ ಮಗಳು ಬಾಳೆಹಣ್ಣು ತಗೋತಾಳೆ" ಅಂದೆ. ಅದೇ ತಾಯಿ ಹಿಂದಿನಿಂದ, "ಅಷ್ಟೇನಾ! ಇದನ್ನ ಅವತ್ತೇ ಹೇಳೋದಲ್ವಾ ಅಣ್ಣಾ" ಅಂದರು. ಅಡುಗೆ ಅಕ್ಕ ಮಾರನೇ ದಿನವೇ ಮೊಟ್ಟೆ ಡಬರಿಯ ಕಿವಿಗೆ ಕೆಂಪು ಪೇಂಟ್ ಬಳಿದರು.